ಜುಲೈ ತಿಂಗಳ ಲೆಕ್ಕ ಹಾಕಿದ್ದೀರಾ?

ನಿವೃತ್ತರ ಕಟ್ಟೆ: ಓದುಗರ ಪ್ರಶ್ನೆಗಳಿಗೆ ಕೊಡಗಿನ ಕುಶಾಲನಗರದ ಒಬ್ಬ ಮಾಜಿ ಬ್ಯಾಂಕ್ ಮ್ಯಾನೇಜರ್ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. 32 ವರ್ಷ ಸರ್ವಿಸ್ ಆಗಿದೆ. ಬರುವ ಮೇ ತಿಂಗಳಲ್ಲಿ ನಿವೃತ್ತಿ. ಮೂಲ ವೇತನ 84,000. ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿ 40 ಲಕ್ಷದಷ್ಟು ಕೈಗೆ ಬರಬಹುದು. ಸ್ವಂತ ಮನೆ ಇಲ್ಲ. ಊರು ನಾಪೋಕ್ಲು ಕಡೆ. ತಲೆತಲಾಂತರದಿಂದ ಮನೆತನಕ್ಕೆ ಬಂದ ಜಮ್ಮಾ ಜಾಗದಲ್ಲಿ ಒಂದು ಎತ್ತರದ ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ) ಇದೆ. ಅಲ್ಲೇ 30 ಲಕ್ಷದಲ್ಲಿ ಮನೆ ಕಟ್ಟು ಎಂದು ಅಣ್ಣ ಹೇಳುತ್ತಾನೆ. ಹೆಂಡತಿಗೆ ಶುಗರ್ ಇದೆ, ಕಾರು ಓಡಿಸಲು ಬರುವುದಿಲ್ಲ. ಒಬ್ಬಳೇ ಮಗಳು ಪುಣೆಯಲ್ಲಿ. ಊರಿಗೆ ಹೋದರೆ ಪಿಂಚಣಿ ಸಾಕಾಗುತ್ತದಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದುವಾಗ ಹತ್ತು ವರ್ಷದ ಹಿಂದಿನ ನಾನೇ ಬರೆದ ಹಾಗಿತ್ತು. ಬ್ಯಾಂಕಿನಲ್ಲಿ 34 ವರ್ಷ ಊರೂರು ತಿರುಗಿ, ಕೊನೆಗೆ ಮಡಿಕೇರಿಯಿಂದ ಹತ್ತು ಕಿಲೋಮೀಟರ್ ಆಚೆ ಇಳಿಜಾರಿನಲ್ಲಿ ಮನೆ ಕಟ್ಟಿದೆ. ಮುಂದೆ ಕಾಫಿ ತೋಟ, ಹಿಂದೆ ಗುಡ್ಡ. ಆ ಗುಡ್ಡವನ್ನೇ ಜೆಸಿಬಿಯಲ್ಲಿ ಕಡಿಸಿ ಮನೆಗೆ ಜಾಗ ಮಾಡಿದ್ದೆ. ಬಂದ ನೆಂಟರೆಲ್ಲ ಸ್ವರ್ಗ ಸ್ವರ್ಗ ಅಂದರು. ಅವರೆಲ್ಲ ಬಂದದ್ದು ಡಿಸೆಂಬರ್‌ನಲ್ಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ನಿಮಗೆ ಗೊತ್ತೇ ಇದೆ. ನಮ್ಮ ಮನೆ ಉಳಿಯಿತು. ಹಿಂದಿನ ಮಣ್ಣು ಮಾತ್ರ ಅಡುಗೆಮನೆ ಕಿಟಕಿಯ ತನಕ ಬಂದು ನಿಂತಿತು. ಅದೇ ರಾತ್ರಿ ನನ್ನ ಮನೆಯವಳಿಗೆ ಉಬ್ಬಸ ಜಾಸ್ತಿಯಾಯಿತು. ಕರೆಂಟಿಲ್ಲ, ಫೋನಿಲ್ಲ, ರಸ್ತೆಗೆ ಮರ ಬಿದ್ದಿದೆ. ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗರು ಮರ ಕಡಿದು ದಾರಿ ಮಾಡಿ ಜೀಪಿನಲ್ಲಿ ಮಡಿಕೇರಿಗೆ ಮುಟ್ಟಿಸಿದರು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜಾರಿದ ಸುದ್ದಿ ಬಂದ ದಿನವೇ ಅವಳು ಬಟ್ಟೆ ಕಟ್ಟಿದಳು. ನಾನು ಎದುರು ಮಾತಾಡಲಿಲ್ಲ. ಈಗ ಕುಶಾಲನಗರದಲ್ಲಿ ತಿಂಗಳಿಗೆ 11 ಸಾವಿರ ಬಾಡಿಗೆ ಕೊಟ್ಟು ಇದ್ದೇವೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಜುಲೈ ತಿಂಗಳಲ್ಲಿ, ನೀವು ಇಲ್ಲದ ಮೇಲೆ, ನಿಮ್ಮ ಮನೆಯವರು ಆ ಬಾಣೆಯಲ್ಲಿ ಒಬ್ಬರೇ ಇರಬಲ್ಲರಾ? ಬಿಡ್ತು ಅನ್ನಿ ಅಂತೀರೇನೋ. ಆದರೆ ಬ್ಯಾಂಕಿನ ಕೌಂಟರಿನ ಈಚೆ ಕೂತು ಎಷ್ಟೋ ಜನ ಹೆಂಗಸರು ಪಾಸ್‌ಬುಕ್ ಹಿಡಿದು, "ಇಷ್ಟೇನಾ ಸಾರ್?" ಎಂದು ಕೇಳಿದ್ದನ್ನು ನೋಡಿದ್ದೇನೆ.

ಮೊದಲು ದುಡ್ಡಿನ ವಿಚಾರ ಮುಗಿಸೋಣ. ನಿಮ್ಮ ಪಿಂಚಣಿ ಮೂಲ ವೇತನದ ಅರ್ಧ, ಅಂದರೆ 42,000. ಮೇಲೆ ತುಟ್ಟಿಭತ್ಯೆ. ಮೂರರಲ್ಲಿ ಒಂದು ಪಾಲು ಕಮ್ಯುಟೇಶನ್ ಮಾಡಿಸಿದರೆ, ಅಂದರೆ ಅದರ ಬದಲು ಮೊದಲೇ ಇಡಿಗಂಟು ತೆಗೆದುಕೊಂಡರೆ, ತಿಂಗಳಿಗೆ 14,000 ಕಡಿತ, ಅದು 15 ವರ್ಷ ಆದ ಮೇಲೆ ವಾಪಸು ಸೇರುತ್ತದೆ. ತುಟ್ಟಿಭತ್ಯೆ ಮಾತ್ರ ಪೂರ್ತಿ 42,000ದ ಮೇಲೇ ಲೆಕ್ಕ. ಇನ್ನು ನೀವು ಇಲ್ಲದ ಮೇಲೆ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಕೊನೆಯ ವೇತನದ 30%, ಅಂದರೆ 25,200 ಮತ್ತು ತುಟ್ಟಿಭತ್ಯೆ. ಮೊದಲ ಕೆಲವು ವರ್ಷ ಜಾಸ್ತಿ ಸಿಗುವ ನಿಯಮ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲಿ ಇರಬೇಕು ಎಂಬುದನ್ನು ಈ 25,200 ಇಟ್ಟುಕೊಂಡು ಯೋಚಿಸಿ.

ಈಗ ಆ 30 ಲಕ್ಷ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದ ತನಕ ಇಡಬಹುದು. 2023ರ ಏಪ್ರಿಲ್‌ಗೆ ಮೊದಲು ಈ ಮಿತಿ 15 ಲಕ್ಷ ಇತ್ತು. 8.2% ಬಡ್ಡಿಗೆ ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತದೆ. ತಿಂಗಳಿಗೆ 20,500 ಆಯಿತು. ಅದೇ ದುಡ್ಡನ್ನು ಬಾಣೆಯ ಮೇಲೆ ಸಿಮೆಂಟು ಮಾಡಿದರೆ ಆ 20,500 ನಿಂತುಹೋಗುತ್ತದೆ. ಸ್ವಂತ ಮನೆಗೆ ಬಾಡಿಗೆ ಇಲ್ಲ ಎಂದು ಅಣ್ಣ ಹೇಳಬಹುದು. ಇದೆ ಮೇಷ್ಟ್ರೇ, ನಾನು ಕೊಡುತ್ತಿರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಸ್ವಂತ ಮನೆಯ ಸಮಾಧಾನ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶುಗರ್ ಇರುವ ಮನೆಗೆ ಕೈಯಲ್ಲಿರುವ ದುಡ್ಡೂ ಸಮಾಧಾನವೇ.

ಜಮ್ಮಾ ಜಾಗದ ಬಗ್ಗೆ ಒಂದು ಮಾತು. ನನ್ನ ಹತ್ತಿರ ಮನೆ ಸಾಲ ಕೇಳಿ ಬಂದವರ ಪಹಣಿಯಲ್ಲಿ ಹತ್ತು ಹನ್ನೆರಡು ಹೆಸರು ಇರುತ್ತಿತ್ತು. ಜಾಗಕ್ಕೆ ಮನೆತನದ ಪರವಾಗಿ ಹೆಸರಿದ್ದ ಪಟ್ಟೇದಾರರು ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತಿತ್ತು. ಒಬ್ಬ ದಾಯಾದಿ ದುಬೈಯಲ್ಲಿ, ಇನ್ನೊಬ್ಬರು ಮಾತು ಬಿಟ್ಟವರು. ಅಣ್ಣ ಪ್ರೀತಿಯಿಂದಲೇ ಕಟ್ಟು ಎಂದಿರಬಹುದು, ಅಣ್ಣನ ಮಕ್ಕಳಿಗೆ ಅದೇ ಪ್ರೀತಿ ಇರಬೇಕೆಂದಿಲ್ಲ. ನಾಳೆ ನಿಮ್ಮ ಮಗಳು ಆ ಮನೆ ಮಾರಲು ಹೊರಟರೆ ಕೊಳ್ಳುವವರು ಯಾರು? ಬಾಣೆ ರಿಡೀಮ್ ಆಗಿದೆಯಾ (ಸರ್ಕಾರಕ್ಕೆ ಹಣ ಕಟ್ಟಿ ಹಕ್ಕು ಬಿಡಿಸಿಕೊಂಡಿದೆಯಾ) ಇಲ್ಲವಾ ಎಂಬುದನ್ನೂ ತಾಲ್ಲೂಕು ಕಚೇರಿಯಲ್ಲಿ ನೋಡಿಸಿ. ಮನೆ ಕಟ್ಟಲು ಕನ್ವರ್ಷನ್, ಅಂದರೆ ಕೃಷಿ ಜಾಗವನ್ನು ವಾಸಕ್ಕೆ ಬದಲಾಯಿಸುವ ಅನುಮತಿ ಬೇಕು. ಮತ್ತೆ, ದಯವಿಟ್ಟು ಗುಡ್ಡ ಕಡಿಸಬೇಡಿ.

ಮಳೆಗಾಲದ ಖರ್ಚು ಬೇಸಿಗೆ ರಜೆಗೆ ಬಂದು ಹೋಗುವವರಿಗೆ ಕಾಣುವುದಿಲ್ಲ. ನನ್ನ ಮನೆಯವಳು ಹಳೆಯ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಳು. ಮೇ ತಿಂಗಳಲ್ಲೇ ಒಂದು ಪಿಕಪ್ ಸೌದೆ. ಹಂಡೆ ಒಲೆ ಬೆಳಗ್ಗೆ ಹಚ್ಚಿದರೆ ರಾತ್ರಿಯ ತನಕ ಆರಿಸುವ ಹಾಗಿಲ್ಲ, ಅದರ ಮೇಲೇ ಬಟ್ಟೆ ಒಣಗಬೇಕು. ಇನ್‌ವರ್ಟರ್ ಬ್ಯಾಟರಿ. ಹೆಂಚು ಒಡೆದರೆ ಹತ್ತಲು ಜನ. ಮಳೆ ಬಿಟ್ಟ ಮೇಲೆ ಬೂಷ್ಟು ಹಿಡಿದ ಗೋಡೆಗೆ ಬಣ್ಣ. ಮೈಸೂರಿಗೆ ಡಾಕ್ಟರ ಹತ್ತಿರ ಹೋಗಿ ಬರಲು ಟ್ಯಾಕ್ಸಿಗೆ 4,000. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಖರ್ಚು ಉಳಿದ ತಿಂಗಳಿಗಿಂತ ಏಳೆಂಟು ಸಾವಿರ ಜಾಸ್ತಿ ಬರುತ್ತಿತ್ತು. ತರಕಾರಿ, ಹಾಲು ಹಳ್ಳಿಯಲ್ಲಿ ಅಗ್ಗ ಅಂತಾರೆ. ಸುಮ್ನೆ. ಶುಕ್ರವಾರ ಮಡಿಕೇರಿ ಸಂತೆಗೆ ಹೋಗಿ ಚೀಲ ತುಂಬಿಸಿಕೊಂಡು ಬರುವವರು ಯಾರು?

ಹಾಗಾದರೆ ಎಲ್ಲಿ? ಮಡಿಕೇರಿ ಪೇಟೆಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರ ಆಸ್ಪತ್ರೆ ಹತ್ತಿರ. ಆದರೆ ಮಳೆ, ಚಳಿ, ಏರು ದಾರಿ. ಮಂಡಿ ನೋವಿದ್ದರೆ ಕಷ್ಟ. ಕುಶಾಲನಗರದಲ್ಲಿ ಮಳೆ ತುಂಬ ಕಡಿಮೆ, ನೆಲ ಸಮ, ಮೈಸೂರು 85 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲಿಲ್ಲವಾದ್ದರಿಂದ ಬಸ್ಸೇ ಗತಿ, ಅದು ಇಲ್ಲಿ ಗಂಟೆಗೆ ಎಷ್ಟೋ ಸಿಗುತ್ತದೆ. 2023ರ ಜೂನ್‌ನಿಂದ ನಮ್ಮವಳು ಕೆಂಪು ಬಸ್ಸಿನಲ್ಲಿ ಪುಕ್ಕಟೆ ಮೈಸೂರಿಗೆ ಹೋಗಿ ಬರುತ್ತಾಳೆ. ನನಗೆ ಹಿರಿಯ ನಾಗರಿಕನೆಂದು 25% ರಿಯಾಯಿತಿ. ಟಿಕೆಟ್ ತೆಗೆಯುವಾಗ ಅವಳು ಕಿಟಕಿ ಕಡೆ ತಿರುಗಿ ನಗುತ್ತಾಳೆ.

ಕುಶಾಲನಗರವೂ ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ. 2018, 2019ರಲ್ಲಿ ಕಾವೇರಿ ಹೊಳೆಬದಿಯ ಬಡಾವಣೆಗಳಿಗೆ ನುಗ್ಗಿತ್ತು. ಮನೆ ನೋಡಲು ಹೋದಾಗ ಬ್ರೋಕರ್ ಮಾತು ಬಿಟ್ಟು ಆ ರಸ್ತೆಯ ಅಂಗಡಿಯವನ ಹತ್ತಿರ ಒಂದು ಟೀ ಕುಡಿಯಿರಿ. "2019ರಲ್ಲಿ ಇಲ್ಲಿ ನೀರು ಎಲ್ಲಿ ತನಕ ಬಂದಿತ್ತು?" ಎಂದು ಕೇಳಿ. ಮೊಣಕಾಲು ಮುಟ್ಟಿಯೋ ಸೊಂಟ ಮುಟ್ಟಿಯೋ ತೋರಿಸುತ್ತಾನೆ.

ನನ್ನ ಸಲಹೆ ಇಷ್ಟು. ಮೇ ಕೊನೆಗೆ ನಿವೃತ್ತಿ ಅಲ್ವಾ? ಜೂನ್ ಒಂದಕ್ಕೇ ಇಲ್ಲಿಗೆ ಬಾಡಿಗೆಗೆ ಬನ್ನಿ. ವಾರಕ್ಕೆರಡು ದಿನ ನಾಪೋಕ್ಲಿನ ಅಣ್ಣನ ಮನೆಯಲ್ಲಿ ಇರಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ನಿಮ್ಮ ಮನೆಯವರು ಬಸ್ಸು ಹಿಡಿದು ಔಷಧಿ ತಂದು ವಾಪಸು ಬರುತ್ತಾರಾ ನೋಡಿ. ಪುತ್ತರಿ ಸುಗ್ಗಿ ಹಬ್ಬ ಮುಗಿದ ಮೇಲೆ ತೀರ್ಮಾನ ಮಾಡಿ, ಅದೂ ಅವರನ್ನು ಕೇಳಿ. ನಿಮ್ಮ ಇಡೀ ಪತ್ರದಲ್ಲಿ ಅಣ್ಣ ಏನು ಹೇಳಿದರು ಎಂದಿದೆ, ಹೆಂಡತಿ ಏನು ಹೇಳಿದರು ಎಂದು ಒಂದು ಸಾಲೂ ಇಲ್ಲ.

ಪ್ರಶ್ನೆ: ಸಿದ್ದಾಪುರ ಹತ್ತಿರದ ಎಸ್ಟೇಟಿನಲ್ಲಿ 26 ವರ್ಷ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತ) ಆಗಿದ್ದೆ. 58 ಆಯಿತು. ಪಿ.ಎಫ್. ಪಿಂಚಣಿ 3,900 ಮಾತ್ರ. ಕ್ವಾರ್ಟರ್ಸ್ ಬಿಡಬೇಕು. ಪಿ.ಎಫ್., ಗ್ರಾಚ್ಯುಟಿ ಸೇರಿ 14 ಲಕ್ಷ ಬರುತ್ತದೆ. ಅದರಲ್ಲಿ ಒಂದೆಕರೆ ಕಾಫಿ ತೋಟ ತೆಗೆದುಕೊಳ್ಳಲೇ, ಮೈಸೂರಿನಲ್ಲಿರುವ ಮಗನ ಮನೆಗೆ ಹೋಗಲೇ?

ಉತ್ತರ: ತೋಟ ಬೇಡ ರೈಟರೇ. ಕಾಫಿಗೆ ಬೆಲೆ ಬಂದಾಗ ಎಲ್ಲರಿಗೂ ತೋಟ ಬೇಕು. ಆನೆ ನುಗ್ಗಿದ ಮರುದಿನ, ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪಿಂಚಣಿ ಇಷ್ಟು ಕಡಿಮೆ ಯಾಕೆಂದರೆ ಅದನ್ನು ನಿಮ್ಮ ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿಲ್ಲ. ವೇತನದ ಮಿತಿ 15,000, 2014ರ ಸೆಪ್ಟೆಂಬರ್‌ಗೆ ಮೊದಲು 6,500. ಮೇಲೆ ಹೇಳಿದ ಹಿರಿಯ ನಾಗರಿಕರ ಯೋಜನೆಗೆ ನೀವು 60 ಆಗುವ ತನಕ ಕಾಯಬೇಕಿಲ್ಲ. 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬಹುದು, ಕಾಗದ ಪತ್ರ ಇಟ್ಟುಕೊಂಡಿರಿ. 12 ಲಕ್ಷ ಇಟ್ಟರೆ ತಿಂಗಳಿಗೆ 8,200. ಪಿಂಚಣಿ ಸೇರಿ 12,100. ಇದರಲ್ಲಿ ಪಾಲಿಬೆಟ್ಟದಲ್ಲೋ ಪಿರಿಯಾಪಟ್ಟಣದಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಿಗಿಯಾಗಿ ನಡೆಯುತ್ತದೆ. ಮಗನ ಮನೆಗೆ ಹೋದರೆ ಹೋಗಿ, 14 ಲಕ್ಷ ಅವನ ಕೈಗೆ ಕೊಟ್ಟು ಹೋಗಬೇಡಿ.

ಪ್ರಶ್ನೆ: ಅಪ್ಪ ಸೈನ್ಯದಿಂದ ನಿವೃತ್ತರು, 84 ವರ್ಷ. ಸೋಮವಾರಪೇಟೆ ಬಿಟ್ಟು ಬರುವುದಿಲ್ಲ ಎನ್ನುತ್ತಾರೆ. ಬೆರಳಚ್ಚು ಮೂಡುವುದಿಲ್ಲ, ಬದುಕಿದ್ದೇನೆಂದು ಪಿಂಚಣಿಗೆ ಕೊಡಬೇಕಾದ ಜೀವನ ಪ್ರಮಾಣ ಪತ್ರಕ್ಕೆ ಪ್ರತಿ ವರ್ಷ ಒದ್ದಾಟ.

ಉತ್ತರ: ಬಿಡಿಸಬೇಡಿ, ಅಲ್ಲೇ ಇರಲಿ. ಬೆರಳು ಬೇಕಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಸಬಹುದು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. 80ಕ್ಕೆ ಸೇರಬೇಕಾದ 20% ಹೆಚ್ಚುವರಿ ಪಿಂಚಣಿ ಬರುತ್ತಿದೆಯಾ ನೋಡಿ, 85 ತುಂಬಿದರೆ ಅದು 30% ಆಗುತ್ತದೆ. ಪ್ರಮಾಣ ಪತ್ರಕ್ಕೆ 80 ದಾಟಿದವರು ನವೆಂಬರ್ ತನಕ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಮಾಡಿಸಬಹುದು. ಬಿಸಿಲು ಬಂದ ದಿನ ನೋಡಿ ಅಂಗಳದಲ್ಲಿ ಕೂರಿಸಿ. ಒಳಗೆ ಬೆಳಕು ಸಾಲದೆ ನನ್ನ ಮುಖವನ್ನೇ ಮೂರು ಸಲ ಒಪ್ಪಲಿಲ್ಲ.