ಆನ್‌ಲೈನ್ ಸ್ನಾತಕೋತ್ತರ ಪದವಿ ಓದಿ ಅಮೆರಿಕದಲ್ಲಿ ಪರವಾನಗಿ ಪಡೆದ ಆಪ್ತಸಮಾಲೋಚಕಿ ಆಗಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಈಗ ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ, ಪತಿಯ ಎಚ್-1ಬಿ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದ ಮೇಲೆ ಇದ್ದೀರಿ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಮನೆಯಿಂದಲೇ ಸ್ನಾತಕೋತ್ತರ ಪದವಿ ಓದಿ ಕೌನ್ಸೆಲರ್ ಆಗಬೇಕೆಂಬ ಆಸೆ. ಆನ್‌ಲೈನ್ ಪದವಿಗೆ ಬೆಲೆ ಇಲ್ಲವೆಂದು ಪರಿಚಿತರು ಹೇಳುತ್ತಿದ್ದಾರೆ. ಎಷ್ಟು ವರ್ಷ ಬೇಕು, ಎಷ್ಟು ಖರ್ಚಾಗುತ್ತದೆ, ಮುಂದೆ ಬೆಂಗಳೂರಿಗೆ ಮರಳಿದರೆ ಇದು ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ.

ಖಂಡಿತ ಆಗಬಹುದು. ನಾನು ಆನ್‌ಲೈನ್‌ನಲ್ಲೇ ಓದಿದವಳು, ಈಗ ಹೂಸ್ಟನ್ ಬಳಿ ಪರವಾನಗಿ ಪಡೆದು ಕೆಲಸ ಮಾಡುತ್ತಿದ್ದೇನೆ. ಆದರೆ ‘ಮನೆಯಿಂದಲೇ’ ಎಂಬ ಮಾತನ್ನು ಇವತ್ತೇ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ನಡೆಯುವುದು ತರಗತಿಗಳು ಮಾತ್ರ. ಪರವಾನಗಿಯನ್ನು ಸಂಪಾದಿಸುವುದು ನೀವು ವಾಸವಿರುವ ಊರಿನಲ್ಲಿ, ಕಷ್ಟದಲ್ಲಿರುವ ನಿಜವಾದ ಮನುಷ್ಯರ ಎದುರು ಕುಳಿತು, ಇನ್ನೊಬ್ಬ ಅನುಭವಿಯ ಮೇಲ್ವಿಚಾರಣೆಯಲ್ಲಿ. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಯಾವ ವಿಶ್ವವಿದ್ಯಾಲಯ, ಯಾವಾಗ ಸೇರಬೇಕು, ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬ ಉಳಿದ ನಿರ್ಧಾರಗಳೆಲ್ಲ ಬೇರೆಯಾಗುತ್ತವೆ.

ಪದವಿ ಕೊಡುವುದು ವಿಶ್ವವಿದ್ಯಾಲಯ, ಪರವಾನಗಿ ಕೊಡುವುದು ರಾಜ್ಯ. ಇಡೀ ಅಮೆರಿಕಕ್ಕೆ ಒಂದೇ ಪರವಾನಗಿ ಇಲ್ಲ. 1976ರಲ್ಲಿ ವರ್ಜೀನಿಯಾ ಮೊದಲು ಈ ವೃತ್ತಿಗೆ ಕಾನೂನು ತಂದಿತು, ಕೊನೆಯದಾಗಿ ಕ್ಯಾಲಿಫೋರ್ನಿಯಾ 2009ರಲ್ಲಿ ತಂದಿತು. ನಡುವಿನ ಮೂರು ದಶಕಗಳಲ್ಲಿ ಒಂದೊಂದು ರಾಜ್ಯವೂ ತನ್ನದೇ ನಿಯಮ, ತನ್ನದೇ ಹೆಸರು ಮಾಡಿಕೊಂಡಿತು. ನಮ್ಮ ಟೆಕ್ಸಾಸ್‌ನಲ್ಲಿ ಅದು ಎಲ್‌ಪಿಸಿ (ಲೈಸೆನ್ಸ್ಡ್ ಪ್ರೊಫೆಷನಲ್ ಕೌನ್ಸೆಲರ್), ನ್ಯೂಯಾರ್ಕ್‌ನಲ್ಲಿ ಎಲ್‌ಎಂಎಚ್‌ಸಿ, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪಿಸಿಸಿ. ಹಾಗಾಗಿ ವಿಶ್ವವಿದ್ಯಾಲಯಗಳ ಜಾಹೀರಾತು ನೋಡುವುದಕ್ಕೆ ಮೊದಲು, ಇಲ್ಲಿ ಪರವಾನಗಿ ಕೊಡುವ ಟೆಕ್ಸಾಸ್ ಬಿಹೇವಿಯರಲ್ ಹೆಲ್ತ್ ಎಕ್ಸಿಕ್ಯೂಟಿವ್ ಕೌನ್ಸಿಲ್‌ನ ಜಾಲತಾಣದಲ್ಲಿ ಎಲ್‌ಪಿಸಿ ನಿಯಮಗಳನ್ನು ಕೂತು ಓದಿ. ಒಂದು ಸಂಜೆಯ ಕೆಲಸ. ಪ್ರವೇಶ ವಿಭಾಗದವರು ಫೋನಿನಲ್ಲಿ ಎಷ್ಟು ನಯವಾಗಿ ಮಾತಾಡಿದರೂ ಅವರು ಪರವಾನಗಿ ಕೊಡುವವರಲ್ಲ.

ಪರಿಚಿತರ ಮಾತಿಗೆ ಬರುತ್ತೇನೆ. ತೂಕ ಇರುವುದು ಕಾರ್ಯಕ್ರಮದ ಮಾನ್ಯತೆಗೆ, ಅದನ್ನು ಕಲಿಸುವ ಮಾಧ್ಯಮಕ್ಕಲ್ಲ. ಕೌನ್ಸೆಲಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಕೇಕ್ರೆಪ್ ಎಂಬ ಸಂಸ್ಥೆ 1981ರಿಂದ ಇದೆ. ಅದು ಆನ್‌ಲೈನ್‌ಗೆ ಒಂದು, ಕ್ಯಾಂಪಸ್ಸಿಗೆ ಒಂದು ಎಂದು ಎರಡು ಅಳತೆಗೋಲು ಇಟ್ಟುಕೊಂಡಿಲ್ಲ. ಎರಡಕ್ಕೂ 60 ಕ್ರೆಡಿಟ್, ಎರಡಕ್ಕೂ 100 ಗಂಟೆಗಳ ಪ್ರಾಕ್ಟಿಕಮ್ (ಮೊದಲ ಹಂತದ ಪ್ರಾಯೋಗಿಕ ತರಬೇತಿ) ಮತ್ತು 600 ಗಂಟೆಗಳ ಇಂಟರ್ನ್‌ಶಿಪ್. ಆ ಗಂಟೆಗಳ ಪೈಕಿ ಪ್ರಾಕ್ಟಿಕಮ್‌ನಲ್ಲಿ 40, ಇಂಟರ್ನ್‌ಶಿಪ್‌ನಲ್ಲಿ 240 ಗಂಟೆ ನೇರವಾಗಿ ಸೇವಾರ್ಥಿಗಳ ಜೊತೆಗೇ ಕಳೆಯಬೇಕು. ಕೆಲವು ರಾಜ್ಯಗಳು ಕೇಕ್ರೆಪ್ ಇಲ್ಲದ ಪದವಿಯನ್ನೂ ಪರಿಶೀಲಿಸಿ ಒಪ್ಪುತ್ತವೆ, ನಿಜ. ಆದರೂ ನಿಮ್ಮ ಪತಿಯ ಕೆಲಸ ನಾಳೆ ನ್ಯೂಜೆರ್ಸಿಗೋ ಸಿಯಾಟಲ್‌ಗೋ ಹೋಗಬಹುದು. ಎಚ್-1ಬಿ ಕುಟುಂಬಗಳಿಗೆ ಇದು ಹೊಸದೇನಲ್ಲ. ಪದವಿಯನ್ನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಬೇಕಾದಾಗ ಆ ಮಾನ್ಯತೆ ಎಷ್ಟು ನೆರವಾಗುತ್ತದೆ ಎಂಬುದನ್ನು ನನ್ನ ಸಹಪಾಠಿಗಳಲ್ಲಿ ಕಂಡಿದ್ದೇನೆ. ಆಗಲೂ ಆ ರಾಜ್ಯದ ಹೆಚ್ಚುವರಿ ಷರತ್ತುಗಳು ಇದ್ದೇ ಇರುತ್ತವೆ. ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆ ಬರೆಸುತ್ತದೆ.

ಪದವಿಯ ಹೆಸರನ್ನೂ ಎಚ್ಚರದಿಂದ ನೋಡಿ. ನಮ್ಮವರು ಬಹಳ ಮಂದಿ ‘ಎಂಎ ಸೈಕಾಲಜಿ’ ಎಂದು ಕಂಡ ಕೂಡಲೇ ಅರ್ಜಿ ಹಾಕುತ್ತಾರೆ. ಮನಶ್ಶಾಸ್ತ್ರದ ಸಾಮಾನ್ಯ ಎಂಎ ಮಾಡಿದರೆ ಸಾಮಾನ್ಯವಾಗಿ ಈ ಪರವಾನಗಿ ಸಿಗುವುದಿಲ್ಲ. ನಿಮಗೆ ಬೇಕಾದುದು ‘ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್’. ಶಾಲೆಗಳಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ‘ಸ್ಕೂಲ್ ಕೌನ್ಸೆಲಿಂಗ್’, ಅದರ ದಾರಿ ಬೇರೆ. ಎಂಎಸ್‌ಡಬ್ಲ್ಯೂ ಮಾಡಿ ಸಮಾಜಕಾರ್ಯದ ಪರವಾನಗಿಯಿಂದಲೂ ಚಿಕಿತ್ಸಕರಾಗಬಹುದು, ಅದನ್ನೂ ಒಮ್ಮೆ ಯೋಚಿಸಿ. ಎಂಜಿನಿಯರಿಂಗ್ ಓದಿದವರಿಗೆ ಪ್ರವೇಶ ಸಿಗುತ್ತದೆ. ಕೆಲವು ಕಡೆ ಮನಶ್ಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ಒಂದೆರಡು ಪ್ರಾಥಮಿಕ ಕೋರ್ಸ್ ಕೇಳಬಹುದು. ನಿಮ್ಮದು ನಾಲ್ಕು ವರ್ಷದ ಬಿಇ ಆದ್ದರಿಂದ ಅಂಕಪಟ್ಟಿಗಳ ಮೌಲ್ಯಮಾಪನ ಸುಲಭವಾಗುತ್ತದೆ. ನನ್ನದು ಮೂರು ವರ್ಷದ ಬಿಎಸ್‌ಸಿ, ಅದನ್ನು ಒಪ್ಪುವ ವಿಶ್ವವಿದ್ಯಾಲಯವನ್ನು ಹುಡುಕಬೇಕಾಯಿತು.

ಓದು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ವಾರಕ್ಕೊಂದೆರಡು ಸಂಜೆ ವಿಡಿಯೊ ತರಗತಿ, ಉಳಿದಂತೆ ಓದು, ಪ್ರಬಂಧ, ಚರ್ಚೆ. ವೃತ್ತಿನೀತಿ, ಮಾನವ ವಿಕಾಸ, ಗುಂಪು ಸಮಾಲೋಚನೆ, ಮೌಲ್ಯಮಾಪನ, ಸಂಶೋಧನಾ ವಿಧಾನ. ಇವೆಲ್ಲ ಶ್ರಮಪಟ್ಟರೆ ಕೈಗೆ ಬರುವಂಥವು. ನಿಜವಾದ ಕಲಿಕೆ ಬೇರೆ ಕಡೆ ಇದೆ. ನಮ್ಮ ವಿಶ್ವವಿದ್ಯಾಲಯ ಆನ್‌ಲೈನ್ ವಿದ್ಯಾರ್ಥಿಗಳನ್ನೂ ಕೆಲವು ದಿನ ಕ್ಯಾಂಪಸ್ಸಿಗೆ ಕರೆಸುತ್ತಿತ್ತು. ಅಲ್ಲಿ ಮೂವರ ಗುಂಪು ಮಾಡುತ್ತಿದ್ದರು: ಒಬ್ಬರು ಮಾತಾಡುವವರು, ಒಬ್ಬರು ಕೇಳುವವರು, ಮೂರನೆಯವರು ತೊಡೆಯ ಮೇಲೆ ಹಾಳೆಯೊಂದನ್ನು ಇಟ್ಟುಕೊಂಡು ಗಮನಿಸುವವರು. ಹಾಳೆಯಲ್ಲಿ ಮುಕ್ತ ಪ್ರಶ್ನೆ, ಹೌದು-ಇಲ್ಲ ಪ್ರಶ್ನೆ, ಭಾವನೆಯನ್ನು ಗುರುತಿಸಿ ಹೇಳಿದ್ದು, ಸಲಹೆ ಎಂಬ ಕಾಲಂಗಳು. ಕೇಳುವವರು ಆಡುವ ಪ್ರತಿ ವಾಕ್ಯಕ್ಕೂ ಒಂದು ಗೆರೆ. ಹತ್ತು ನಿಮಿಷದ ಬಳಿಕ ಹಾಳೆ ತಿರುಗಿಸಿ ತೋರಿಸಿದರೆ ಭಾರತದಿಂದ ಬಂದ ನಮ್ಮಂಥವರ ಹಾಳೆಗಳಲ್ಲಿ ಸಲಹೆಯ ಕಾಲಂ ತುಂಬಿ ತುಳುಕುತ್ತಿತ್ತು. ಹಿರಿಯರ ಪ್ರೀತಿಯೆಲ್ಲ ಬುದ್ಧಿವಾದದ ರೂಪದಲ್ಲೇ ಬಂದ ಮನೆಗಳಲ್ಲಿ ಬೆಳೆದವರು ನಾವು. ಎದುರಿಗಿರುವವರು ಅಳುತ್ತಿರುವಾಗ ‘ಹೀಗೆ ಮಾಡಿ’ ಎನ್ನದೆ ಅವರ ಜೊತೆಗಿರುವುದು ನಮಗೆ ಅಭ್ಯಾಸದಿಂದ ಮಾತ್ರ ಬರುತ್ತದೆ.

ಮುಂದೆ ಇಂಟರ್ನ್‌ಶಿಪ್‌ನಲ್ಲಿ, ಸೇವಾರ್ಥಿಯ ಲಿಖಿತ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗ್‌ಗಳನ್ನು ಮೇಲ್ವಿಚಾರಕಿಯ ಜೊತೆ ವಾರವಾರ ಕೇಳುತ್ತಿದ್ದೆವು. ಅವರು ಧ್ವನಿಯನ್ನು ನಡುವೆ ನಿಲ್ಲಿಸಿ, “ಇಲ್ಲಿ ಅವರು ದೀರ್ಘವಾಗಿ ಉಸಿರು ಬಿಟ್ಟರು, ಕೇಳಿಸಿತೇ? ಅದಾದ ಮೇಲೆ ನೀವು ಏನು ಹೇಳಿದಿರಿ?” ಎಂದು ಕೇಳುವರು. ಮತ್ತೆ ಹಿಂದಕ್ಕೆ ಹೋಗಿ ಅದೇ ಅರ್ಧ ನಿಮಿಷವನ್ನು ಕೇಳಿಸುವರು. ಈ ವೃತ್ತಿ ಕಲಿಯುವುದೆಂದರೆ ಇದೇ. ನೀವು ಸೇರಲಿರುವ ಕಾರ್ಯಕ್ರಮದಲ್ಲಿ ಹೀಗೆ ಯಾರು ಕೂತು ಕೇಳುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂದು ಪ್ರವೇಶಕ್ಕೆ ಮೊದಲೇ ವಿಚಾರಿಸಿ. ಉತ್ತರ ಹಾರಿಕೆಯದ್ದಾದರೆ ಆ ಕಾರ್ಯಕ್ರಮವನ್ನು ಬಿಡಿ.

ಆನ್‌ಲೈನ್ ವಿದ್ಯಾರ್ಥಿಗಳು ಹೆಚ್ಚು ಬವಣೆ ಪಡುವುದು ಇಂಟರ್ನ್‌ಶಿಪ್ ಜಾಗ ಹುಡುಕುವಲ್ಲಿ. ಕೆಲವು ವಿಶ್ವವಿದ್ಯಾಲಯಗಳು ಜಾಗ ಹುಡುಕಿಕೊಡುತ್ತವೆ, ಉಳಿದವು ನಿಮ್ಮ ಮೇಲೇ ಬಿಡುತ್ತವೆ. ನಾನು ಹೂಸ್ಟನ್ ಸುತ್ತಲಿನ ಸ್ವಯಂಸೇವಾ ಸಂಸ್ಥೆಗಳು, ಸಮುದಾಯ ಚಿಕಿತ್ಸಾ ಕೇಂದ್ರಗಳು, ಖಾಸಗಿ ಕ್ಲಿನಿಕ್‌ಗಳಿಗೆಲ್ಲ ಬರೆದೆ. ಹಲವರು ಉತ್ತರಿಸಲೇ ಇಲ್ಲ. ಕೆಲವರು, ಸ್ಥಳೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಜಾಗ ಮೀಸಲು ಎಂದರು. ಕೊನೆಗೆ ಸಿಕ್ಕ ಜಾಗದಲ್ಲಿ ಸೇವಾರ್ಥಿಗಳು ಬರುತ್ತಿದ್ದುದು ಸಂಜೆ ಐದರ ಮೇಲೆ ಮತ್ತು ಶನಿವಾರ. ಮಕ್ಕಳಿಗೆ ಊಟ ಹಾಕುವ ಹೊತ್ತು ಅದು. ಆದ್ದರಿಂದ ಇಂಟರ್ನ್‌ಶಿಪ್ ಶುರುವಾಗುವ ಒಂದು ವರ್ಷ ಮೊದಲೇ ಹುಡುಕಾಟ ಆರಂಭಿಸಿ. ಆ ವರ್ಷ ಮನೆಯ ಸಂಜೆಗಳನ್ನು ಯಾರು ನಿಭಾಯಿಸುತ್ತಾರೆ ಎಂಬ ಮಾತುಕತೆಯನ್ನು ನಿಮ್ಮ ಪತಿಯ ಜೊತೆ ಈಗಲೇ, ಶುಲ್ಕ ಕಟ್ಟುವ ಮೊದಲು, ಮುಗಿಸಿಕೊಳ್ಳಿ.

ಪದವಿಯ ನಂತರವೂ ನೀವು ಸ್ವತಂತ್ರರಲ್ಲ. ಟೆಕ್ಸಾಸ್‌ನಲ್ಲಿ ಎನ್‌ಸಿಇ ಎಂಬ ರಾಷ್ಟ್ರಮಟ್ಟದ ಕೌನ್ಸೆಲರ್ ಪರೀಕ್ಷೆ (200 ಪ್ರಶ್ನೆಗಳು, ಅಂಕ ಸಿಗುವುದು 160ಕ್ಕೆ) ಅಥವಾ ಪ್ರಕರಣಗಳನ್ನು ಆಧರಿಸಿದ ಎನ್‌ಸಿಎಂಎಚ್‌ಸಿಇ ಬರೆಯಬೇಕು. ರಾಜ್ಯದ ಕಾನೂನಿನ ಪರೀಕ್ಷೆಯೊಂದೂ ಇದೆ. ಆಮೇಲೆ ‘ಎಲ್‌ಪಿಸಿ ಅಸೋಸಿಯೇಟ್’ ಆಗಿ ಮೇಲ್ವಿಚಾರಕರ ಕೈಕೆಳಗೆ 3,000 ಗಂಟೆ, ಅದರಲ್ಲಿ 1,500 ಗಂಟೆ ನೇರ ಸಮಾಲೋಚನೆ. ಎಷ್ಟೇ ಓಡಿದರೂ 18 ತಿಂಗಳಿಗಿಂತ ಮೊದಲು ಇದು ಮುಗಿಯುವಂತಿಲ್ಲ. ಮೇಲ್ವಿಚಾರಕರಿಗೆ ಬಹುತೇಕ ನಿಮ್ಮ ಕೈಯಿಂದಲೇ ಶುಲ್ಕ ಕೊಡಬೇಕಾಗುತ್ತದೆ. ಅರೆಕಾಲಿಕವಾಗಿ ಓದುವ ತಾಯಿಗೆ ಪದವಿಗೆ ಮೂರರಿಂದ ನಾಲ್ಕು ವರ್ಷ, ಈ ಹಂತಕ್ಕೆ ಸುಮಾರು ಎರಡು ವರ್ಷ ಎಂದು ಲೆಕ್ಕ ಇಟ್ಟುಕೊಳ್ಳಿ.

ವೀಸಾದ ವಿಚಾರ ಇಲ್ಲೇ ಬರುತ್ತದೆ. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಅನುಮತಿ ಪತ್ರ ಬೇಕು. 2015ರಿಂದ ಎಚ್-4 ಸಂಗಾತಿಗಳಿಗೆ ಆ ಅವಕಾಶ ಇದೆಯಾದರೂ ಮುಖ್ಯವಾಗಿ ಪತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಉದ್ಯೋಗದಾತರು ಸಲ್ಲಿಸುವ ಅರ್ಜಿ) ಮಂಜೂರಾಗಿರಬೇಕು. ದುಡಿಯುವ ಅನುಮತಿಯಿಲ್ಲದೆ 3,000 ಗಂಟೆಗಳ ಹಂತಕ್ಕೆ ಕಾಲಿಡಲು ಆಗುವುದಿಲ್ಲ, ಪದವಿ ಕೈಯಲ್ಲಿ ಹಿಡಿದು ಕಾಯಬೇಕಾಗುತ್ತದೆ. ವೇತನವಿಲ್ಲದ ಇಂಟರ್ನ್‌ಶಿಪ್ ಕೂಡ ಕೆಲಸವೆಂದು ಪರಿಗಣಿತವಾಗಬಹುದೇ ಎಂಬುದನ್ನು ವಲಸೆ ವಕೀಲರಲ್ಲಿ ಕೇಳಿ ಲಿಖಿತ ಉತ್ತರ ಪಡೆಯಿರಿ. ನೆರೆಹೊರೆಯವರ ಅನುಭವವನ್ನು ಇಲ್ಲಿ ನಂಬಬೇಡಿ. ವೀಸಾವನ್ನು ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಿಸಿಕೊಂಡರಾಯಿತು ಎಂದು ಯಾರಾದರೂ ಹೇಳಿದರೆ ನೆನಪಿಡಿ: ಎಫ್-1 ವಿದ್ಯಾರ್ಥಿಗೆ ಒಂದು ಅವಧಿಯಲ್ಲಿ ಒಂದು ಆನ್‌ಲೈನ್ ಕೋರ್ಸ್ ಮಾತ್ರ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಸೇರುತ್ತದೆ. ಪೂರ್ತಿ ಆನ್‌ಲೈನ್ ಪದವಿಗೆ ಆ ವೀಸಾ ಹೊಂದುವುದಿಲ್ಲ.

ಖರ್ಚು ಕ್ರೆಡಿಟ್ ಲೆಕ್ಕದಲ್ಲಿ. ಕ್ರೆಡಿಟ್‌ಗೆ 600 ಡಾಲರ್ ಎಂದರೆ 60 ಕ್ರೆಡಿಟ್‌ಗೆ 36,000 ಡಾಲರ್. ಅದರ ಮೇಲೆ ಪುಸ್ತಕ, ಕ್ಯಾಂಪಸ್ ಪ್ರಯಾಣ, ವೃತ್ತಿ ಹೊಣೆಗಾರಿಕೆ ವಿಮೆ, ಪರೀಕ್ಷಾ ಶುಲ್ಕ. ಸರ್ಕಾರಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಕಾರ್ಯಕ್ರಮಗಳನ್ನು ಮೊದಲು ನೋಡಿ. ಎಚ್-4ರಲ್ಲಿರುವವರಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ.

ಇಷ್ಟೆಲ್ಲ ಕಷ್ಟ ಹೇಳಿದೆ, ಆದರೂ ನೀವು ಇದಕ್ಕೆ ಬರಬೇಕೆಂದು ಮನಸಾರೆ ಬಯಸುತ್ತೇನೆ. ದಿನವಿಡೀ ಕಚೇರಿಯಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡುವವರು ಕೂಡ ಅಮ್ಮನ ಸಾವಿನ ಬಗ್ಗೆ ಹೇಳಲು ಹೊರಟಾಗ ಕನ್ನಡಕ್ಕೆ ತಿರುಗುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ನಾಲ್ಕು ಗೋಡೆಗಳ ನಡುವೆ ಒಂಟಿಯಾದ ಹಿರಿಯರಿದ್ದಾರೆ, ಹೆರಿಗೆಯ ನಂತರ ಯಾರಿಗೂ ಹೇಳಿಕೊಳ್ಳಲಾಗದೆ ನಲುಗುವ ತಾಯಂದಿರಿದ್ದಾರೆ. ಅವರ ಮಾತನ್ನು ಅವರದೇ ನುಡಿಯಲ್ಲಿ ಕೇಳಬಲ್ಲ, ಪರವಾನಗಿಯೂ ಇರುವವರು ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ನಮ್ಮ ಸಮುದಾಯ ಚಿಕ್ಕದು. ಸೇವಾರ್ಥಿ ಯುಗಾದಿ ಕಾರ್ಯಕ್ರಮದಲ್ಲಿ ಪಕ್ಕದ ಸಾಲಿನಲ್ಲೇ ಕೂತಿರಬಹುದು. ಆದ್ದರಿಂದ ಮೊದಲ ಭೇಟಿಯಲ್ಲೇ ಹೇಳುತ್ತೇನೆ: “ಹೊರಗೆ ಕಂಡರೆ ನಾನಾಗಿ ನಿಮ್ಮನ್ನು ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ, ಇಲ್ಲಿಯ ವಿಷಯ ಎತ್ತುವುದಿಲ್ಲ.” ಗೃಹಪ್ರವೇಶದ ಆಮಂತ್ರಣಗಳನ್ನು ವಿನಯದಿಂದ ನಿರಾಕರಿಸುವುದೂ ಈ ಕೆಲಸದ ಭಾಗ. ಆಪ್ತ ಗೆಳತಿಯರನ್ನು ಸೇವಾರ್ಥಿಗಳಾಗಿ ತೆಗೆದುಕೊಳ್ಳುವಂತಿಲ್ಲ, ಬೇರೆಯವರ ಹತ್ತಿರ ಕಳಿಸಬೇಕು.

ಇನ್ನು ಬೆಂಗಳೂರು. ಟೆಕ್ಸಾಸ್ ಪರವಾನಗಿ ಟೆಕ್ಸಾಸ್‌ನಲ್ಲಿರುವ ಸೇವಾರ್ಥಿಗಳಿಗೆ ಮಾತ್ರ. ವಿಡಿಯೊದಲ್ಲಿ ನೋಡುವಾಗಲೂ ಸೇವಾರ್ಥಿ ಕುಳಿತಿರುವ ಜಾಗ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಕೌನ್ಸೆಲಿಂಗ್ ಪದವಿ ಅದಕ್ಕೆ ಸಾಲದು. ಸಮಾಲೋಚಕರನ್ನೂ ಒಳಗೊಂಡಂತೆ ಆರೋಗ್ಯ ಸಂಬಂಧಿತ ವೃತ್ತಿಗಳನ್ನು ನಿಯಂತ್ರಿಸಲು 2021ರಲ್ಲಿ ಕಾಯ್ದೆ ಬಂದಿದೆ. ಅದನ್ನು ಅನುಸರಿಸಿ ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕಲಿಸುವುದನ್ನು ನಿಲ್ಲಿಸಿದೆ. ಅಲ್ಲಿಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಖಾಸಗಿ ಶಾಲೆ, ಕಂಪನಿ, ಕ್ಲಿನಿಕ್‌ಗಳಲ್ಲಿ ನಿಮ್ಮ ತರಬೇತಿಗೆ ಬೆಲೆ ಸಿಗುತ್ತದೆ. ಕಾಲೇಜಿನ ಹುದ್ದೆಗೆ ತತ್ಸಮಾನತೆ (ವಿದೇಶಿ ಪದವಿ ಭಾರತದ ಪದವಿಗೆ ಸಮ ಎಂಬ ಪ್ರಮಾಣ) ಕೇಳಿದಾಗ ಆನ್‌ಲೈನ್ ಪದವಿ ತೊಡಕಾಗಬಹುದು. ಎರಡು-ಮೂರು ವರ್ಷಗಳಲ್ಲೇ ಮರಳುವ ಯೋಚನೆ ಗಟ್ಟಿಯಾಗಿದ್ದರೆ ಇಲ್ಲಿ ಈ ಓದಿಗೆ ಕೈಹಾಕಬೇಡಿ, ಬೆಂಗಳೂರಿಗೆ ಹೋಗಿ ತರಗತಿಯಲ್ಲಿ ಕೂತು ಓದಿ. ಐದಾರು ವರ್ಷ ಟೆಕ್ಸಾಸ್‌ನಲ್ಲೇ ಇರುವುದಾದರೆ, ಐ-140ರ ಸ್ಥಿತಿ ಏನೆಂದು ಇಲ್ಲೇ ಬರೆಯಿರಿ. ಮುಂದಿನ ಹೆಜ್ಜೆಯನ್ನು ಅದನ್ನು ನೋಡಿ ಹೇಳುತ್ತೇನೆ.