ಸೂರ್ಯ ಹುಟ್ಟದ ಊರಿಗೆ ಮಗ ಹೊರಟಿದ್ದಾನೆ

ಪ್ರಶ್ನೆ: ಮಗನಿಗೆ ಸರಕು ಹಡಗಿನಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರಿನಲ್ಲಿ ರಷ್ಯಾದ ಮುರ್ಮಾನ್ಸ್ಕ್ ಬಂದರಿಗೆ ಹೋಗಬೇಕಂತೆ. ಅಲ್ಲಿ ಆಗ ಸೂರ್ಯನೇ ಹುಟ್ಟುವುದಿಲ್ಲವಂತಲ್ಲ? ನಮ್ಮ ಬಿಸಿಲಲ್ಲಿ ಬೆಳೆದ ಹುಡುಗ, ಹೆಂಗೆ ತಡೆದಾನು?
– ಒಬ್ಬ ತಾಯಿ, ಸಿರುಗುಪ್ಪ

ಉತ್ತರ: ಹೆದರಬ್ಯಾಡ್ರಿ ಅಕ್ಕಾ. ಹಡಗಿನ ಎಂಜಿನ್ ರೂಮಿನಲ್ಲಿದ್ದಾಗ ನಾನೂ ಅಲ್ಲಿ ಹನ್ನೆರಡು ದಿನ ಕಳೆದು, ಬಳ್ಳಾರಿಗೆ ಗಟ್ಟಿಮುಟ್ಟಾಗೇ ಬಂದೆ.

ಸೂರ್ಯ ಕಾಣದಿರುವುದು ನಿಜ. ಡಿಸೆಂಬರ್ ಮೊದಲ ವಾರದಿಂದ ಜನವರಿ ಎರಡನೇ ವಾರದವರೆಗೆ ಮುಖ ತೋರಿಸಲ್ಲ. ಹಾಗಂತ ಹಗಲಿಡೀ ಕತ್ತಲಲ್ಲ. ಮಧ್ಯಾಹ್ನ ಒಂದೆರಡು ತಾಸು ಆಕಾಶ ನೀಲಿ ಜಾಸ್ತಿಯಾದ ಪಂಚೆಯ ಬಣ್ಣಕ್ಕೆ ತಿರುಗುತ್ತೆ. ಚಳಿಗಿಂತ ನನ್ನನ್ನು ಕಾಡಿದ್ದು ಹೊತ್ತು ತಿಳಿಯದಿರುವುದು. ಒಂದು ದಿನ ಮಲಗೆದ್ದು ಮೆಸ್ಸಿಗೆ ಹೋಗಿ ನಾಷ್ಟಾ ಕೇಳಿದೆ. ರಾತ್ರಿ ಎಂಟಾಗಿತ್ತು. ಅಡುಗೆಯವನು ಮಾತಾಡದೆ ಅನ್ನದ ಪಾತ್ರೆ ತೋರಿಸಿದ.

ನೆಲವೆಲ್ಲ ಹಿಮವಾದರೂ ಅಲ್ಲಿ ಸಮುದ್ರ ಹೆಪ್ಪುಗಟ್ಟಲ್ಲ. ಅಟ್ಲಾಂಟಿಕ್ ಕಡೆಯಿಂದ ಬರುವ ಬೆಚ್ಚನೆಯ ಪ್ರವಾಹದ ಉಪಕಾರ ಅದು. ಅದಕ್ಕೇ 1916ರಲ್ಲಿ, ಮಹಾಯುದ್ಧದ ನಡುವೆ, ರೈಲು ಹಾಕಿ ಅಲ್ಲಿ ಊರು ಕಟ್ಟಿದರು. ಆರ್ಕ್ಟಿಕ್ ವೃತ್ತದ ಆಚೆಗಿನ ಊರುಗಳಲ್ಲಿ ಇದೇ ದೊಡ್ಡದು. 2021ರ ಗಣತಿಯಲ್ಲಿ ಸುಮಾರು 2.7 ಲಕ್ಷ ಜನ. ಸೋವಿಯತ್ ಕಾಲದ ಕೊನೆಗೆ ನಾಲ್ಕೂವರೆ ಲಕ್ಷ ದಾಟಿತ್ತು. ಕೆಲಸ ಕಡಿಮೆಯಾದಂತೆ ದಕ್ಷಿಣಕ್ಕೆ ಗುಳೆ ಹೋದರು. ಗುಳೆ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕೇ?

ನನಗೆ ನಗು ತರಿಸಿದ್ದು ಧೂಳು. ಸಂಡೂರಿನ ಕೆಂಪು ಧೂಳು ಕುಡಿದು ಬೆಳೆದವನು ಭೂಮಿಯ ತುದಿಗೆ ಹೋದರೆ, ಅಲ್ಲಿ ಬಿಳಿ ಹಿಮದ ಮೇಲೆ ಕಲ್ಲಿದ್ದಲಿನ ಕಪ್ಪು ಧೂಳು! ಊರಿನ ಮಗ್ಗುಲಲ್ಲೇ ಬಂದರಿನ ರಾಶಿ. ಕಿಟಕಿ ಒರೆಸುತ್ತಿದ್ದ ಮುದುಕಿಯೊಬ್ಬಳು ಕಪ್ಪಾದ ಬಟ್ಟೆಯನ್ನು ನನ್ನತ್ತ ಹಿಡಿದು ಏನೋ ಬೈದಳು. ಭಾಷೆ ಬರದಿದ್ದರೂ ಅರ್ಥವಾಯಿತು, ನಮ್ಮವ್ವನೂ ಹಾಗೇ ಬೈಯುತ್ತಿದ್ದಳು.

ಮನೆಯೊಳಗೆ ಚಳಿಯ ಮಾತೇ ಇಲ್ಲ. ಊರಿಗೆಲ್ಲ ಬಿಸಿನೀರಿನ ಕೊಳವೆ ಇದೆ, ಜನ ಬನಿಯನ್ನಿನಲ್ಲೇ ಕೂತಿರುತ್ತಾರೆ. ರಜೆ ಸಿಕ್ಕರೆ ಮಗ 'ಲೆನಿನ್' ಹಡಗು ನೋಡಲಿ. ಅಣುಶಕ್ತಿಯಿಂದ ಹಿಮ ಒಡೆಯುತ್ತಿದ್ದ ಜಗತ್ತಿನ ಮೊದಲ ಹಡಗು, ಈಗ ಅಲ್ಲೇ ಮ್ಯೂಸಿಯಂ.

ಬೂಟು ಒಂದು ನಂಬರ್ ದೊಡ್ಡದು ಕೊಡಿಸ್ರಿ, ಒಳಗೆ ಎರಡು ಜೊತೆ ಕಾಲುಚೀಲ ಹಿಡಿಸಬೇಕು. ಗುರೆಳ್ಳು ಪುಡಿ ಜಾಸ್ತಿನೇ ಕಟ್ಟಿಕೊಡ್ರಿ. ನಾನು ಅರ್ಧ ಕಿಲೋ ಒಯ್ದಿದ್ದೆ, ಜೊತೆಗಿದ್ದ ಫಿಲಿಪೀನ್ಸ್ ಹುಡುಗರು ನಾಲ್ಕೇ ದಿನಕ್ಕೆ ಡಬ್ಬಿ ಬಳಿದಿಟ್ಟರು.