ರಾತ್ರಿ 11.40ರ ಸಂದೇಶ

ಕೆಲಸದ ಒತ್ತಡದಲ್ಲಿ ಬಳಲಿದವರು ಸಲಹೆ ಕೇಳಿ ನನ್ನ ಬಳಿ ಬರುವುದು ಹೊಸದಲ್ಲ. ಕಂಪನಿ ಬೇರೆ, ಹುದ್ದೆ ಬೇರೆ, ದೂರು ಮಾತ್ರ ಅದೇ. ಆದರೂ ಈ ಪ್ರಕರಣವನ್ನು ಬರೆಯುತ್ತಿರುವುದು, ನಾನು ಕೊಟ್ಟ ಸಲಹೆಗೆ ಸಹೋದ್ಯೋಗಿಯೊಬ್ಬರು ತಕರಾರು ತೆಗೆದದ್ದರಿಂದ.

ಬಂದವರು ಸಣ್ಣ ತಂಡವೊಂದರ ಮುಖ್ಯಸ್ಥೆ. (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.) ನಿದ್ದೆಯಿಲ್ಲ, ಮನೆಯಲ್ಲಿ ಮಾತೆತ್ತಿದರೆ ಸಿಡುಕು, ರಜೆ ಮುಗಿಯುವ ಸಂಜೆ ಎದೆ ಹಿಂಡಿದಂತಾಗುತ್ತದೆ. ಎದೆಯ ಮಾತು ಬಂದದ್ದರಿಂದ ಮೊದಲು ವೈದ್ಯರಲ್ಲಿಗೆ ಕಳಿಸಿದೆ. ಹೃದಯದಲ್ಲಿ ದೋಷವೇನೂ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ, ಮೇಲಧಿಕಾರಿಯ ಕಾಟಕ್ಕೆ ಸಾಕ್ಷಿ ತೋರಿಸುತ್ತೇನೆಂದು ಮೊಬೈಲ್ ತೆಗೆದರು. ರಾತ್ರಿ 11.40ಕ್ಕೆ ಅಧಿಕಾರಿಯ ಸಂದೇಶ: "ಬೆಳಿಗ್ಗೆಯೊಳಗೆ ಬೇಕು." ತೋರಿಸುವ ಭರದಲ್ಲಿ ಮುಂದಿನದನ್ನೂ ತೋರಿಸಿಬಿಟ್ಟರು. 11.43ಕ್ಕೆ ಅದನ್ನು ತಮ್ಮ ತಂಡದ ಕಿರಿಯನೊಬ್ಬನಿಗೆ ದಾಟಿಸಿದ್ದರು. 11.45ಕ್ಕೆ ಅವನ ಉತ್ತರ: "ಸರಿ ಮೇಡಂ."

"ಹುಡುಗ ಚುರುಕು, ಎರಡೇ ನಿಮಿಷ" ಎಂದರು. ದನಿಯಲ್ಲಿ ಮೆಚ್ಚುಗೆಯಿತ್ತು.

"ಅಷ್ಟು ಹೊತ್ತಿನಲ್ಲಿ ಅವನು ಯಾಕೆ ಎಚ್ಚರವಿದ್ದ?" ಎಂದು ಕೇಳಿದೆ.

ಮೊಬೈಲನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಬಹಳ ಹೊತ್ತಿನ ಮೇಲೆ, "ನಾನು ಅವನನ್ನು ಗದರಿಸುವುದಿಲ್ಲ. ದಯವಿಟ್ಟು ಎಂದು ಸೇರಿಸಿಯೇ ಕಳಿಸುತ್ತೇನೆ" ಎಂದರು. ನಿಜ, ಸೇರಿಸಿದ್ದರು.

ನಾನು ಹೇಳಿದ್ದಿಷ್ಟು. ಎರಡು ವಾರ, ರಾತ್ರಿ ಎಂಟರ ನಂತರ ಕೆಳಗಿನವರಿಗೆ ಒಂದು ಸಂದೇಶವನ್ನೂ ಕಳಿಸಬೇಡಿ. ಮೇಲಿನಿಂದ ಬಂದದ್ದಕ್ಕೆ ಬೆಳಿಗ್ಗೆ ಬರಹದಲ್ಲೇ ಕೇಳಿ: ಕೈಯಲ್ಲಿ ಇಂಥಿಂಥ ಕೆಲಸಗಳಿವೆ, ಯಾವುದನ್ನು ಬದಿಗಿಡಲಿ? ದುಡಿದ ಗಂಟೆಗಳನ್ನು ದಿನವೂ ಗುರುತು ಹಾಕಿಕೊಳ್ಳಿ. ರಾಜೀನಾಮೆಯ ಯೋಚನೆಯನ್ನು ನಿದ್ದೆ ಮರಳುವವರೆಗೆ ಮುಂದೂಡಿ.

ಬಳಲಿ ಬಂದವರ ತಲೆಗೆ ತಪ್ಪನ್ನೂ ಕಟ್ಟಿದಿರಿ, ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದರೆ ಸಾಕಿತ್ತು ಎಂಬುದು ಸಹೋದ್ಯೋಗಿಯ ವಾದ. ಉಸಿರಾಟವನ್ನು ನಾನೂ ಹೇಳಿಕೊಡುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ, ಬಹುಕಾಲದ ಕೆಲಸದ ಒತ್ತಡ ತರುವ ಬಳಲಿಕೆಯನ್ನು, ಅಂದರೆ ಬರ್ನ್‌ಔಟನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ, ಉದ್ಯೋಗ ಸಂಬಂಧಿ ವಿದ್ಯಮಾನ ಎಂದಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ಅದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿವೆ. ಉಸಿರನ್ನು ಎಷ್ಟು ನೀಳವಾಗಿ ಎಳೆದರೂ ಆ ಗಂಟೆಗಳು ಕರಗುವುದಿಲ್ಲ. ಮೇಲಧಿಕಾರಿಯ ಬೆರಳನ್ನು ಈಕೆ ಹಿಡಿಯಲಾರರು, ತಮ್ಮ ಬೆರಳನ್ನು ಹಿಡಿಯಬಹುದು. ಅದನ್ನು ತಪ್ಪು ಹೊರಿಸುವುದು ಎನ್ನುವುದಾದರೆ ಎನ್ನಲಿ.

ಎರಡು ವಾರದ ನಂತರ ಬಂದರು. ಅಧಿಕಾರಿಯ ಸಂದೇಶಗಳು ನಿಂತಿರಲಿಲ್ಲ. ಯಾವುದನ್ನು ಬದಿಗಿಡಲಿ ಎಂಬುದಕ್ಕೆ ಒಮ್ಮೆ ಸರಿಯಾದ ಉತ್ತರ, ಒಮ್ಮೆ "ಎಲ್ಲವೂ ಬೇಕು." ನಿದ್ದೆ ಕೊಂಚ ಕೂಡಿಬಂದಿತ್ತು. ಆದರೆ ನಾಲ್ಕನೆಯ ರಾತ್ರಿಯೇ ಆ ಹುಡುಗ ತಾನಾಗಿ ಸಂದೇಶ ಕಳಿಸಿದ್ದನಂತೆ: "ಮೇಡಂ, ನನ್ನಿಂದ ಏನಾದರೂ ತಪ್ಪಾಯಿತೇ?"

ಕಾರಣ ತಿಳಿಸಿಯೇ ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ.